ಪಪೈರಸ್ ಅಂತ ಛತ್ರಿ ಹುಲ್ಲು ಕಳಿಸಿದರು, 1,650 ರೂಪಾಯಿ ಹೋಯಿತು. ನೀವಾದರೂ ಹುಷಾರಾಗಿರಿ

ಮೊದಲೇ ಹೇಳಿಬಿಡುತ್ತೇನೆ, ತಪ್ಪು ನನ್ನದೂ ಇದೆ. ಹತ್ತು ವರ್ಷದಿಂದ ಗಿಡ ಬೆಳೆಸುತ್ತಿದ್ದೇನೆ, ಆದರೂ ಫೋಟೋ ನೋಡಿ ಮರುಳಾದೆ. ಬರೆಯೋಕೆ ನಾಚಿಕೆ ಆಗುತ್ತಿದೆ. ಆದರೆ ಅದೇ ಫೋಟೋ ಇನ್ನೂ ಓಡಾಡುತ್ತಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಮೈಸೂರಿನಲ್ಲಿ ನಮ್ಮ ಮನೆ ಮುಂದೆ ಒಂದು ಹಳೆಯ ಸಿಮೆಂಟ್ ತೊಟ್ಟಿ ಇದೆ. ಅದರಲ್ಲಿ ಎರಡು ತಾವರೆ ಕುಂಡ, ಒಂದಿಷ್ಟು ಗಪ್ಪಿ ಮೀನು. ಹಿಂದುಗಡೆ ಎತ್ತರಕ್ಕೆ ಏನಾದರೂ ಬೇಕಿತ್ತು. ಕೊಡಗಿನ ಒಂದು ರೆಸಾರ್ಟಿನ ಕೊಳದಲ್ಲಿ ಪಪೈರಸ್ ನೋಡಿದ್ದೆ. ಆಳಿಗಿಂತ ಎತ್ತರ. ಒಂದೊಂದು ದಂಟಿನ ತುದಿಯಲ್ಲೂ ಹಸಿರು ದಾರದ ಕುಚ್ಚು. ಗಾಳಿ ಬಂದರೆ ಎಲ್ಲ ಒಟ್ಟಿಗೆ ತಲೆ ಆಡಿಸುತ್ತಿದ್ದವು. ಅವತ್ತಿಂದ ಹುಚ್ಚು ಹಿಡಿದಿತ್ತು.

ಮಾರ್ಚ್‌ನಲ್ಲಿ ಫೋನಲ್ಲಿ ಗಿಡ ಮಾರುವ ಒಂದು ಪೇಜ್ ಕಣ್ಣಿಗೆ ಬಿತ್ತು. ಫೋಟೋದಲ್ಲಿ ಅದೇ ಕುಚ್ಚು. 'ಈಜಿಪ್ಟಿನ ಒರಿಜಿನಲ್ ಪಪೈರಸ್, ಎರಡೇ ಗಿಡ ಉಳಿದಿವೆ' ಅಂತ ಬರೆದಿದ್ದರು. ಗಿಡಕ್ಕೆ 1,450, ಕೊರಿಯರ್‌ಗೆ 200. ಮೊದಲು ಹಣ ಹಾಕಿ, ಸ್ಕ್ರೀನ್‌ಶಾಟ್ ಕಳಿಸಿ, ಸೋಮವಾರ ಡಿಸ್ಪ್ಯಾಚ್. ನಿಮಗೆಲ್ಲ ಗೊತ್ತಿರುವ ವ್ಯವಹಾರವೇ. ಹಣ ಹಾಕುವವರೆಗೆ ಎರಡೇ ನಿಮಿಷಕ್ಕೆ ಉತ್ತರ ಬರುತ್ತಿತ್ತು. ಹಾಕಿದ ಮೇಲೆ ಎರಡು ದಿನಕ್ಕೊಂದು.

ಪಾರ್ಸಲ್ ಬಂತು. ಬಿಚ್ಚಿದರೆ ನಾಲ್ಕು ದಂಟು, ಒಂದೊಂದು ಗೇಣುದ್ದ. ತುದಿಯಲ್ಲಿ ದಾರ ಇಲ್ಲ, ಕುಚ್ಚು ಇಲ್ಲ. ಚಪ್ಪಟೆ ಎಲೆಗಳು ಛತ್ರಿ ಕಡ್ಡಿ ಥರ ಸುತ್ತಲೂ ಹರಡಿಕೊಂಡಿದ್ದವು. ಹತ್ತೇ ನಿಮಿಷದಲ್ಲಿ ಫೋಟೋ ತೆಗೆದು ಕಳಿಸಿ ಕೇಳಿದೆ, ಇದು ಪಪೈರಸ್ಸಾ ಅಂತ.

"ಮೇಡಂ ಇದು ಬೇಬಿ ಪ್ಲಾಂಟ್. ಈಗ ಎಲೆ ಅಗಲ ಇರುತ್ತೆ. ಎರಡು ಅಡಿ ದಾಟಿದ ಮೇಲೆ ಎಲೆ ಸೀಳಿ ದಾರ ಆಗುತ್ತೆ."

ಎಲೆ ಸೀಳಿ ದಾರ ಆಗುತ್ತೆ! ಈಗ ಓದಿದರೆ ಮೈ ಉರಿಯುತ್ತದೆ. ಅವತ್ತು ನಂಬಿದೆ. ತೆಂಗಿನ ಸಸಿಯ ಎಲೆ ಮೊದಲು ಕೂಡಿಕೊಂಡಿದ್ದು ಆಮೇಲೆ ಸೀಳುತ್ತದಲ್ಲ, ಇದೂ ಹಾಗೇ ಇರಬೇಕು ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅವರು ಹೇಳಿದ್ದು ಒಂದು ಸುಳ್ಳು. ಅದಕ್ಕೆ ತೆಂಗಿನ ಮರ ಕಟ್ಟಿ ನಿಲ್ಲಿಸಿದವಳು ನಾನು.

ವಾರಕ್ಕೆ ಎರಡೇ ಸಲ ನೀರು ಹಾಕಿ, ಜಾಸ್ತಿ ಹಾಕಿದರೆ ಬೇರು ಕೊಳೆಯುತ್ತೆ ಅಂತ ಬೇರೆ ಹೇಳಿದರು. ನೀರಲ್ಲೇ ನಿಲ್ಲುವ ಗಿಡಕ್ಕೆ ಈ ಮಾತು! ಆಗಲೇ ಅನುಮಾನ ಬರಬೇಕಿತ್ತು. ಏಪ್ರಿಲ್ ಬಿಸಿಲಿಗೆ ಎಲೆ ತುದಿಗಳೆಲ್ಲ ಕಂದು ಬಣ್ಣಕ್ಕೆ ತಿರುಗಿ ಸುಟ್ಟ ಹಾಗಾದವು. ಕೇಳಿದರೆ, "ಫಂಗಸ್ ಮೇಡಂ, ನಮ್ಮ ಹತ್ತಿರ ಸ್ಪ್ರೇ ಇದೆ, 280." ಅದೊಂದನ್ನು ಮಾತ್ರ ತಗೊಳ್ಳಲಿಲ್ಲ, ಪುಣ್ಯ. ಆ ಗಿಡಕ್ಕೆ ಬಂದಿದ್ದು ರೋಗ ಅಲ್ಲ, ಬಾಯಾರಿಕೆ.

ಇನ್ನೊಂದು ಇದೆ. ಇದನ್ನು ಹೇಳಬಾರದು ಅಂತಿದ್ದೆ. ಬಂದ ಕುಂಡದ ಮಣ್ಣಲ್ಲಿ ಮೂರನೇ ವಾರಕ್ಕೆ ಸಣ್ಣ ಸಣ್ಣ ಮೊಳಕೆ ಎದ್ದವು, ಹುಲ್ಲಿನ ಹಾಗೆ. ಪಪೈರಸ್ ಮರಿ ಹಾಕಿದೆ ಅಂತ ಕುಣಿದಾಡಿದೆ. ಫೋಟೋ ಕಳಿಸಿದರೆ, "ಕಂಗ್ರಾಟ್ಸ್ ಮೇಡಂ, ಮರಿ ಬರ್ತಿದೆ. ದಂಟು ಮೂರು ಮೂಲೆ ಇದೆಯಾ ನೋಡಿ. ಇದ್ದರೆ ಗ್ಯಾರಂಟಿ ಪಪೈರಸ್." ಹೂದಂಟು ಬಂದಾಗ ಬೆರಳಲ್ಲಿ ತಿರುಗಿಸಿ ನೋಡಿದೆ, ಮೂರು ಮೂಲೆ ಇತ್ತು. ಸರಿ, ಎರೆಗೊಬ್ಬರ ಹಾಕಿ ಮೂರು ಕುಂಡಕ್ಕೆ ಬೇರೆ ಮಾಡಿದೆ. ಒಂದನ್ನು ಪಕ್ಕದ ಮನೆಯವರಿಗೆ ಉಡುಗೊರೆಯಾಗಿ ಕೊಟ್ಟೆ. ಅದೂ ರಿಬ್ಬನ್ ಕಟ್ಟಿ.

ದೊಡ್ಡ ಗಿಡ ಒಣಗುತ್ತಲೇ ಇತ್ತು. ಬೇಸತ್ತು ಕುಂಡ ಸಮೇತ ತೊಟ್ಟಿಗೆ ಇಳಿಸಿದೆ. ಹದಿನೈದು ದಿನದಲ್ಲಿ ಹೊಸ ದಂಟು ಬಂತು! ಎರಡು ಅಡಿ ದಾಟಿತು. ಮೂರು ಅಡಿ ಮುಟ್ಟಿತು. ದಿನಾ ಬೆಳಿಗ್ಗೆ ಕಾಫಿ ಲೋಟ ಹಿಡಿದು ಹೋಗಿ ಎಲೆ ಸೀಳಿದೆಯಾ ಅಂತ ನೋಡುತ್ತಿದ್ದೆ. ಸೀಳಲಿಲ್ಲ. ಸೀಳುವುದೂ ಇಲ್ಲ.

ಆಗಸ್ಟಿನಲ್ಲಿ ವರಮಹಾಲಕ್ಷ್ಮಿ ಹಬ್ಬ. ಕುಂಕುಮಕ್ಕೆ ಬಂದವರಿಗೆಲ್ಲ ತೊಟ್ಟಿ ತೋರಿಸಿ ಭಾಷಣ ಮಾಡಿದ್ದೇ ಮಾಡಿದ್ದು. ಹಿಂದಿನ ಕಾಲದಲ್ಲಿ ಈಜಿಪ್ಟಿನವರು ಇದರ ದಂಟಿನ ತಿರುಳನ್ನು ಪಟ್ಟಿ ಪಟ್ಟಿಯಾಗಿ ಸೀಳಿ, ಅಡ್ಡ ಉದ್ದ ಜೋಡಿಸಿ, ಒತ್ತಿ ಒಣಗಿಸಿ ಬರೆಯೋಕೆ ಹಾಳೆ ಮಾಡುತ್ತಿದ್ದರು ಅಂತ. ಅದು ನಿಜವೇ, ಆದರೆ ಬೇರೆ ಗಿಡದ ಬಗ್ಗೆ. ಸಾಗರದಿಂದ ಬಂದಿದ್ದ ನಮ್ಮ ನಾದಿನಿ ಸುಮ್ನೆ ಕೇಳಿಸಿಕೊಂಡು ಕೊನೆಗೆ ಅಂದಳು, "ಅತ್ತಿಗೆ, ಇದು ನಮ್ಮನೆ ಬಚ್ಚಲು ನೀರು ಹೋಗೋ ಕಡೆ ಇದೆಯಲ್ಲ? ಹೋದ ವರ್ಷ ಜಾಸ್ತಿ ಆಯ್ತು ಅಂತ ಒಂದು ಬುಟ್ಟಿ ಕಿತ್ತು ಬಿಸಾಕಿದ್ವಿ."

ಎಂಟು ಜನರ ಎದುರಿಗೆ.

ಅಷ್ಟಕ್ಕೇ ಮುಗಿಯಲಿಲ್ಲ. ನಮ್ಮ ಅತ್ತೆ ಮಂಡ್ಯ ಕಡೆಯವರು, ಗದ್ದೆ ಕೆಲಸ ಮಾಡಿದವರು. ಆ 'ಮರಿ' ಕುಂಡ ನೋಡಿ ಒಂದು ಎಳೆ ಕಿತ್ತು, ಬುಡದ ಕಪ್ಪು ಗೆಡ್ಡೆ ಹಿಸುಕಿ ಮೂಸಿದರು. "ಇದು ಕೊನ್ನಾರಿ ಕಣೇ. ಇದಕ್ಕೆ ಗೊಬ್ಬರ ಹಾಕಿದ್ದೀಯಾ?" ಕೊನ್ನಾರಿ, ಕೆಲವರು ತುಂಗೆ ಅನ್ನುತ್ತಾರೆ, ಅದೇ. ರೈತರು ಜನ್ಮವಿಡೀ ಕೀಳುವ ಕಳೆ. ಮಣ್ಣಲ್ಲಿ ಒಂದು ಗೆಡ್ಡೆ ಉಳಿದರೂ ಮತ್ತೆ ಬರುತ್ತದೆ. ನಾನದನ್ನು ರಿಬ್ಬನ್ ಕಟ್ಟಿ ಪಕ್ಕದ ಮನೆಗೆ ಕೊಟ್ಟಿದ್ದೆ. ಅವರ ಗುಲಾಬಿ ಕುಂಡಗಳಿಗೂ ಹಬ್ಬಿದೆ. ಈಗ ಅವರು ನಕ್ಕು ಮಾತಾಡಿಸುತ್ತಾರೆ, ಅದು ಇನ್ನೂ ಕಷ್ಟ. ನಮ್ಮನೆಯವರಂತೂ ದಿನಾ ರಾತ್ರಿ ಊಟಕ್ಕೆ ಕೂತಾಗ ಕೇಳುತ್ತಾರೆ, "ಪೇಪರ್ ಯಾವಾಗ ಮಾಡ್ತೀಯ?"

ಮಾರಿದವರಿಗೆ ಅವತ್ತೇ ರಾತ್ರಿ ಬರೆದೆ. ಉತ್ತರಗಳನ್ನು ಹಾಗೇ ಹಾಕುತ್ತೇನೆ.

"ಮೇಡಂ ಎರಡೂ ಸೈಪರಸ್ಸೇ. ಫ್ಯಾಮಿಲಿ ಒಂದೇ."

ಸೈಪರಸ್ ಅಂದರೆ ಇಂಥ ಗಿಡಗಳ ಇಡೀ ಕುಲದ ವೈಜ್ಞಾನಿಕ ಹೆಸರು. ಹಾಗಾದರೆ ಕೊನ್ನಾರಿಯೂ ಸೈಪರಸ್ಸೇ, ಸೈಪರಸ್ ರೋಟಂಡಸ್ ಅಂತಲೇ ಅದರ ಹೆಸರು, ಅದನ್ನೂ 1,450ಕ್ಕೆ ಮಾರುತ್ತೀರಾ ಅಂತ ಕೇಳಿದೆ.

"ಅನ್‌ಬಾಕ್ಸಿಂಗ್ ವಿಡಿಯೋ ಇದೆಯಾ? 24 ಗಂಟೆಯೊಳಗೆ ಹೇಳಬೇಕಿತ್ತು."

ಹತ್ತೇ ನಿಮಿಷದಲ್ಲಿ ಹೇಳಿದ್ದೆ! ಅವರದೇ 'ಬೇಬಿ ಪ್ಲಾಂಟ್' ಮೆಸೇಜ್ ತೆಗೆದು ತೋರಿಸಿದೆ. ಅರ್ಧ ಗಂಟೆ ಬಿಟ್ಟು ಬಂದ ಉತ್ತರ ನೋಡಿ:

"ನೀವು ನೀರಲ್ಲಿ ಇಟ್ಟಿದ್ದಕ್ಕೆ ಹಾಗಾಗಿದೆ ಮೇಡಂ. ಕೇರ್ ಸರಿ ಇಲ್ಲ."

ನೀರಲ್ಲಿಟ್ಟರೆ ಪಪೈರಸ್ ಹೋಗಿ ಛತ್ರಿ ಹುಲ್ಲು ಆಗುತ್ತದಂತೆ. ಇದಾದ ಮೇಲೆ ಬ್ಲಾಕ್. ಗ್ರಾಹಕರ ಸಹಾಯವಾಣಿ 1915ಕ್ಕೂ ಫೋನ್ ಮಾಡಿದೆ. ಬಿಲ್ ಇದೆಯಾ, ಅಂಗಡಿ ವಿಳಾಸ ಇದೆಯಾ ಅಂದರು. ನನ್ನ ಹತ್ತಿರ ಇದ್ದದ್ದು ಒಂದು ಫೋನ್ ನಂಬರ್, ಒಂದು ಸ್ಕ್ರೀನ್‌ಶಾಟ್.

ಈಗ ನೀವು ನೋಡಬೇಕಾದ್ದು. ಮೂರು ಮೂಲೆ ದಂಟು ಅನ್ನೋದನ್ನು ಕಟ್ಟಿ ಮೂಲೆಗಿಡಿ, ಅದು ಈ ಜಾತಿಯಲ್ಲಿ ಬಹಳಷ್ಟಕ್ಕೆ ಇರುತ್ತದೆ. ತಲೆ ನೋಡಿ. ಪಪೈರಸ್ ತಲೆಯಲ್ಲಿ ನೂರಾರು ಸಣ್ಣ ದಾರ, ಜೋಲು ಬಿದ್ದಿರುತ್ತದೆ. ಬೆಳೆದರೆ ಎರಡು ಮೂರು ಮೀಟರ್ ಎತ್ತರ. ನನಗೆ ಕೊಟ್ಟದ್ದು ಸೈಪರಸ್ ಇನ್ವೊಲುಕ್ರೇಟಸ್. ನರ್ಸರಿಗಳಲ್ಲಿ ಆಲ್ಟರ್ನಿಫೋಲಿಯಸ್ ಅಂತಲೂ ಅಂಬ್ರೆಲಾ ಪಾಮ್ ಅಂತಲೂ ಚೀಟಿ ಅಂಟಿಸಿರುತ್ತಾರೆ. ಪಾಮ್ ಅಲ್ಲವೇ ಅಲ್ಲ. ಇದರ ತಲೆಯಲ್ಲಿ ಹನ್ನೆರಡರಿಂದ ಇಪ್ಪತ್ತೈದು ಚಪ್ಪಟೆ ಪಟ್ಟಿ, ನಡುವೆ ಕಂದು ಹೂ. ಆ ಪಟ್ಟಿ ಯಾವ ವಯಸ್ಸಿಗೂ ದಾರ ಆಗುವುದಿಲ್ಲ, ಯಾರು ಹೇಳಿದರೂ ಆಗುವುದಿಲ್ಲ. ಎರಡು ಮೂರು ಅಡಿಯಲ್ಲೇ ನಿಂತು ಪೂರ್ತಿ ದಾರದ ತಲೆ ಇರುವುದೂ ಒಂದಿದೆ, ಸೈಪರಸ್ ಪ್ರೊಲಿಫರ್, ಕುಳ್ಳ ಪಪೈರಸ್ ಅಂತ ಮಾರುತ್ತಾರೆ. ಸಣ್ಣ ತೊಟ್ಟಿಗೆ ಅದೇ ಸಾಕು. ಹಣ ಹಾಕುವ ಮುಂಚೆ ನಿಮಗೆ ಕಳಿಸುವ ಗಿಡದ್ದೇ ವಿಡಿಯೋ ಕೇಳಿ, ತಲೆಯೂ ಬುಡವೂ ಕಾಣುವ ಹಾಗೆ. ಕೊಡಲ್ಲ ಅಂದರೆ ಬಿಟ್ಟುಬಿಡಿ.

ಛತ್ರಿ ಹುಲ್ಲು ಬೇಕು ಅನ್ನುವವರು ಅದಕ್ಕೆ 70 ರೂಪಾಯಿಗಿಂತ ಜಾಸ್ತಿ ಕೊಡಬೇಡಿ. ನಮ್ಮ ರಸ್ತೆಬದಿ ನರ್ಸರಿಯಲ್ಲಿ ಅಷ್ಟೇ, ಆಮೇಲೆ ಹೋಗಿ ಕೇಳಿ ಇನ್ನಷ್ಟು ಹೊಟ್ಟೆ ಉರಿಸಿಕೊಂಡೆ. ನಿಜ ಹೇಳಬೇಕು ಅಂದರೆ ಕೊಳ್ಳುವುದೇ ಬೇಡ. ಯಾರ ಮನೆಯಲ್ಲಾದರೂ ಇದ್ದರೆ ಒಂದು ತಲೆ ಕೇಳಿ. ತಲೆಯ ಜೊತೆ ಎರಡು ಇಂಚು ದಂಟು ಇರುವ ಹಾಗೆ ಕತ್ತರಿಸಿ, ಪಟ್ಟಿಗಳನ್ನು ಅರ್ಧಕ್ಕೆ ಕತ್ತರಿಸಿ, ತಲೆಕೆಳಗಾಗಿ ನೀರಿನ ಲೋಟದಲ್ಲಿ ಇಡಿ. ಎರಡು ಮೂರು ವಾರಕ್ಕೆ ಬೇರೂ ಮರಿಯೂ ಬರುತ್ತದೆ. ದೊಡ್ಡ ಪಪೈರಸ್ಸಾದರೆ ಬುಡದ ಗೆಡ್ಡೆ ಬಿಡಿಸಿ ನೆಡುವುದೇ ದಾರಿ. ಎರಡಕ್ಕೂ ಅಂಟು ಮಣ್ಣು, ಒಳ್ಳೆ ಬಿಸಿಲು, ಕುಂಡದ ಕೆಳಗೆ ಸದಾ ನೀರಿರುವ ತಟ್ಟೆ. ಸೊಳ್ಳೆ ಆಗದ ಹಾಗೆ ವಾರಕ್ಕೊಮ್ಮೆ ಆ ನೀರು ಚೆಲ್ಲಿ, ತೊಟ್ಟಿಯಾದರೆ ಗಪ್ಪಿ ಬಿಡಿ.

ನನ್ನ ಹತ್ತಿರ ಈಗ ಹನ್ನೊಂದು ಛತ್ರಿ ಹುಲ್ಲಿನ ಸಸಿ ಇವೆ. ಮೈಸೂರಿನವರು ಬಂದರೆ ಸುಮ್ನೆ ಕೊಡುತ್ತೇನೆ, ಕೊನ್ನಾರಿ ಇಲ್ಲದ ಮಣ್ಣಲ್ಲಿ. ನಿನ್ನೆ ನಾದಿನಿ ಅವಳ ಫೋನಲ್ಲಿ ಆ ಪೇಜ್ ತೆಗೆದು ತೋರಿಸಿದಳು. ಅದೇ ಫೋಟೋ, ಅದೇ ಕುಚ್ಚು. ಬೆಲೆ ಈಗ 1,850. ಇನ್ನೂ ಎರಡೇ ಗಿಡ ಉಳಿದಿವೆಯಂತೆ.