1970ರ ಶೆವರ್ಲೆ ಸಿ10 ಟ್ರಕ್ಕಿಗೆ ಮುಂಭಾಗದ ಸ್ವೇ ಬಾರ್: ಮನೆಯಲ್ಲೇ ಜೋಡಿಸಿದ ಕಿಟ್‌ನ ವಿಮರ್ಶೆ

ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಿಂದ ಸುನೋಲ್ ಕಡೆಗೆ ಹೋಗುವ ನೈಲ್ಸ್ ಕಣಿವೆಯ ರಸ್ತೆ ಹಳ್ಳದ ಅಂಚಿನಲ್ಲೇ ಸುತ್ತಿ ಸುತ್ತಿ ಸಾಗುತ್ತದೆ. ಆ ದಾರಿಯಲ್ಲಿ ನನ್ನ 1970ರ ಸಿ10 ಪಿಕಪ್ ಟ್ರಕ್ಕನ್ನು ಓಡಿಸುವಾಗಲೆಲ್ಲ, ಪಕ್ಕದಲ್ಲಿ ಕುಳಿತ ನನ್ನ ಹೆಂಡತಿ ತಿರುವು ಬರುವ ಮೊದಲೇ ಬಾಗಿಲಿನ ಹಿಡಿಯನ್ನು ಭದ್ರವಾಗಿ ಹಿಡಿದುಕೊಳ್ಳುತ್ತಿದ್ದಳು. ವೇಗ ಹೆಚ್ಚೇನೂ ಇರುತ್ತಿರಲಿಲ್ಲ. ಆದರೆ ಸ್ಟಿಯರಿಂಗ್ ತಿರುಗಿಸಿದ ಮೇಲೆ ಗಾಡಿಯ ಮೈ ಮೊದಲು ಹೊರಗಡೆಗೆ ವಾಲಿ, ಹಾಗೆಯೇ ಒಂದು ಕ್ಷಣ ನಿಂತು, ಆಮೇಲೆ ತಿರುಗುತ್ತಿತ್ತು. ಉದ್ದನೆಯ ಬೆಂಚಿನಂಥ ಸೀಟಿನಲ್ಲಿ ಕುಳಿತವರು ಜಾರದೆ ಇರುವುದೇ ಕಷ್ಟವಾಗುತ್ತಿತ್ತು. ಈ ಟ್ರಕ್ಕಿಗೆ ಕಾರ್ಖಾನೆಯಿಂದ ಸ್ವೇ ಬಾರ್ ಬಂದಿರಲಿಲ್ಲ. ಆ ಕಾಲದಲ್ಲಿ ಅದು ಹೆಚ್ಚುವರಿ ಹಣ ಕೊಟ್ಟು ಹಾಕಿಸಿಕೊಳ್ಳಬೇಕಾದ ವಸ್ತುವಾಗಿತ್ತು.

ನಮ್ಮಲ್ಲಿ ಆಂಟಿ ರೋಲ್ ಬಾರ್ ಎಂದು ಹೆಚ್ಚಾಗಿ ಕರೆಯುವ ಈ ಭಾಗದ ಕೆಲಸ ಸರಳವಾದದ್ದು. ಫ್ರೇಮಿಗೆ ಅಡ್ಡಲಾಗಿ ಎರಡು ಬುಷ್‌ಗಳಲ್ಲಿ (ಸರಳನ್ನು ಹಿಡಿದಿಡುವ ಮೆತ್ತೆಯಂಥ ಬಳೆಗಳಲ್ಲಿ) ಕೂರುವ ಒಂದು ಸ್ಪ್ರಿಂಗ್ ಉಕ್ಕಿನ ಸರಳಿನ ಎರಡು ತುದಿಗಳು ಎಡ ಬಲ ಚಕ್ರಗಳ ಕೆಳಗಿನ ಕಂಟ್ರೋಲ್ ಆರ್ಮ್‌ಗಳಿಗೆ, ಅಂದರೆ ಚಕ್ರವನ್ನು ಫ್ರೇಮಿಗೆ ಜೋಡಿಸಿ ಏರಿಳಿಯಲು ಬಿಡುವ ತೋಳುಗಳಿಗೆ, ಸೇರಿರುತ್ತವೆ. ಗಾಡಿ ಒಂದು ಕಡೆಗೆ ವಾಲಲು ಹೊರಟರೆ ಸರಳು ತಿರುಚಿಕೊಳ್ಳಬೇಕಾಗುತ್ತದೆ, ಆ ತಿರುಚುವಿಕೆಗೆ ಅದು ಒಡ್ಡುವ ಪ್ರತಿರೋಧವೇ ವಾಲುವುದನ್ನು ತಡೆಯುತ್ತದೆ. ಎರಡೂ ಚಕ್ರಗಳು ಒಟ್ಟಿಗೆ ಏರಿ ಇಳಿದಾಗ ಸರಳು ಬುಷ್‌ಗಳಲ್ಲಿ ಸುಮ್ಮನೆ ಹೊರಳುವುದರಿಂದ ಸವಾರಿ ಗಡುಸಾಗುವುದಿಲ್ಲ. ಸರಳಿನ ಬಿಗಿತನ ಅದರ ವ್ಯಾಸದ ನಾಲ್ಕನೆಯ ಘಾತಕ್ಕೆ ಅನುಗುಣವಾಗಿ ಏರುತ್ತದೆ. ಅಂದರೆ ಉಳಿದೆಲ್ಲ ಒಂದೇ ಆಗಿದ್ದರೆ 1 ಇಂಚಿನ ಸರಳಿಗಿಂತ 1¼ ಇಂಚಿನದು ಸುಮಾರು 2.4 ಪಟ್ಟು ಬಿಗಿ. ಕಿಟ್ ಆರಿಸುವಾಗ ಬಣ್ಣಕ್ಕಿಂತ ಮೊದಲು ನೋಡಬೇಕಾದದ್ದು ಈ ಅಳತೆಯನ್ನೇ.

ನಾನು ತರಿಸಿದ್ದು 1¼ ಇಂಚಿನ ಘನ ಸರಳಿನ ಕಿಟ್. ಸಾಗಣೆಯೂ ಸೇರಿ 240 ಡಾಲರ್ ಆಯಿತು. ಸರಳು ಒಂದೇ ಸುಮಾರು ಹತ್ತು ಕಿಲೋ ತೂಗುತ್ತದೆ. ಬಾಗುಗಳು ನುಣುಪಾಗಿವೆ, ಎಲ್ಲಿಯೂ ಸುಕ್ಕುಗಟ್ಟಿಲ್ಲ, ಕಪ್ಪು ಪೌಡರ್ ಕೋಟಿಂಗ್ ತುದಿಗಳವರೆಗೂ ಸಮನಾಗಿ ಹತ್ತಿದೆ. ಈ ವಿಷಯದಲ್ಲಿ ನನ್ನದೇನೂ ದೂರಿಲ್ಲ. ದೂರು ಇರುವುದು ಬೋಲ್ಟುಗಳ ಬಗ್ಗೆ. ಜೊತೆಗೆ ಬಂದ ಹಾಳೆಯಲ್ಲಿ ಫ್ರೇಮಿನ ಬ್ರ್ಯಾಕೆಟ್ಟುಗಳಿಗೆ ಗ್ರೇಡ್ 8 ಬೋಲ್ಟುಗಳೆಂದು ಬರೆದಿತ್ತು. ಗ್ರೇಡ್ 8 ಬೋಲ್ಟಿನ ತಲೆಯ ಮೇಲೆ ಆರು ಗೆರೆಗಳಿರಬೇಕು. ನಾನು ಒಂದೊಂದನ್ನೇ ಬೆಳಕಿಗೆ ಹಿಡಿದು ನೋಡಿದಾಗ ನಾಲ್ಕರಲ್ಲಿ ಎರಡಕ್ಕೆ ಮೂರೇ ಗೆರೆಗಳಿದ್ದವು, ಅಂದರೆ ಅವು ಬಲ ಕಡಿಮೆಯ ಗ್ರೇಡ್ 5. ಮಾರಿದವರಿಗೆ ಬರೆದ ಒಂದು ವಾರದಲ್ಲಿ ಸರಿಯಾದ ಬೋಲ್ಟುಗಳು ಬಂದವು, ಅವರ ಮಾತಿನಲ್ಲೂ ಸೌಜನ್ಯವಿತ್ತು. ಆದರೂ ಗಾಡಿಯ ಸಸ್ಪೆನ್ಷನ್‌ಗೆ ಸಂಬಂಧಿಸಿದ ಸಾಮಾನಿನಲ್ಲಿ ಇಂಥ ಅಜಾಗರೂಕತೆಯನ್ನು ನಾನು ಹಗುರವಾಗಿ ತೆಗೆದುಕೊಳ್ಳಲಾರೆ. ಯಾವ ಕಂಪನಿಯ ಕಿಟ್ ಆದರೂ ಡಬ್ಬಿ ಬಿಚ್ಚಿದ ಕೂಡಲೇ ಬೋಲ್ಟುಗಳ ತಲೆಯ ಮೇಲಿನ ಗೆರೆಗಳನ್ನು ಎಣಿಸಿ ನೋಡಿಕೊಳ್ಳುವುದು ಒಳ್ಳೆಯದು.

ಹಾಳೆಯಲ್ಲಿ ಎರಡು ಗಂಟೆಯ ಕೆಲಸವೆಂದಿತ್ತು. ನನಗೆ ಒಂದು ಶನಿವಾರ ಪೂರ್ತಿ ಹಿಡಿಯಿತು. ನನ್ನ ಟ್ರಕ್ಕಿನ ಫ್ರೇಮಿನಲ್ಲಿ ಬ್ರ್ಯಾಕೆಟ್ಟಿಗೆ ಬೇಕಾದ ಜಾಗದಲ್ಲಿ ರಂಧ್ರಗಳಿರಲಿಲ್ಲ, ಕೊರೆಯಬೇಕಾಯಿತು. ಕೊರೆಯುವ ಮೊದಲು ಫ್ರೇಮಿನ ಒಳಮೈಗೆ ಕೈ ಹಾಕಿ ಸವರಿ, ಬ್ರೇಕ್ ಪೈಪು ಎಲ್ಲಿ ಹಾದುಹೋಗಿದೆ ಎಂದು ಖಚಿತಪಡಿಸಿಕೊಂಡೆ. ಡ್ರಿಲ್ ಬಿಟ್ ಫ್ರೇಮನ್ನು ದಾಟಿ ಪೈಪಿಗೆ ತಗುಲಿದರೆ ಆಗುವ ಅನಾಹುತವನ್ನು ಬಿಡಿಸಿ ಹೇಳಬೇಕಾಗಿಲ್ಲ. ಪಂಚಿನಿಂದ ಗುರುತು ಹೊಡೆದು, ಮೊದಲು ಸಣ್ಣ ಬಿಟ್, ಆಮೇಲೆ ಕ್ರಮವಾಗಿ ದೊಡ್ಡವು, ನಡುನಡುವೆ ಎಣ್ಣೆ ಬಿಡುತ್ತ ನಿಧಾನ ವೇಗದಲ್ಲಿ ಕೊರೆದಾಗ ಉಕ್ಕಿನ ಸಿಪ್ಪೆ ಉದ್ದನೆಯ ಸುರುಳಿಯಾಗಿ ಹೊರಬಂತು. ಸುರುಳಿಯ ಬದಲು ಪುಡಿ ಬರತೊಡಗಿದರೆ ಬಿಟ್ ಮೊಂಡಾಗಿದೆ ಎಂದೇ ತಿಳಿಯಬೇಕು. ಕೊರೆದ ಬರಿ ಲೋಹಕ್ಕೆ ತುಕ್ಕು ನಿರೋಧಕ ಬಣ್ಣ ಹಚ್ಚಿದ ಮೇಲಷ್ಟೇ ಬೋಲ್ಟು ಹಾಕಿದೆ.

ನಾನು ಹೆಚ್ಚು ಹೊತ್ತು ಕಳೆದುಕೊಂಡದ್ದು ಸರಳಿನ ತುದಿಯನ್ನು ಕಂಟ್ರೋಲ್ ಆರ್ಮ್‌ಗೆ ಸೇರಿಸುವ ಲಿಂಕುಗಳಲ್ಲಿ. ಬಲಗಡೆಯದು ಸಲೀಸಾಗಿ ಕೂತಿತು, ಎಡಗಡೆಯ ಲಿಂಕ್ ಬೋಲ್ಟು ಮಾತ್ರ ರಂಧ್ರಕ್ಕಿಂತ ಎರಡು ಬೆರಳು ಮೇಲೆಯೇ ನಿಂತುಬಿಟ್ಟಿತು. ಸರಳೇ ಸೊಟ್ಟಗಿದೆಯೇನೋ ಎಂದು ಅರ್ಧ ಗಂಟೆ ಅಳತೆ ಪಟ್ಟಿ ಹಿಡಿದು ಕುಳಿತೆ. ಕಾರಣ ಬೇರೆ ಇತ್ತು: ಎಡ ಚಕ್ರ ಗಾಳಿಯಲ್ಲಿ ತೂಗುತ್ತಿತ್ತು, ಬಲ ಚಕ್ರದ ಮೇಲೆ ಭಾರವಿತ್ತು. ಒಂದು ಆರ್ಮ್ ಮೇಲೆ, ಇನ್ನೊಂದು ಕೆಳಗೆ ಇರುವಾಗ ಸರಳನ್ನು ಕೈಯಿಂದ ತಿರುಚುವುದು ಆಗದ ಮಾತು. ಎಡಗಡೆಯ ಆರ್ಮನ್ನೂ ಜಾಕಿನಿಂದ ಅದೇ ಮಟ್ಟಕ್ಕೆ ಎತ್ತಿದ ಕೂಡಲೇ ಬೋಲ್ಟು ಬೆರಳ ಒತ್ತಡಕ್ಕೇ ಒಳಗೆ ಇಳಿಯಿತು. ಹಾಳೆಯಲ್ಲಿ ಈ ಒಂದು ವಾಕ್ಯವಿದ್ದಿದ್ದರೆ ಸಾಕಿತ್ತು, ಇರಲಿಲ್ಲ. ಎರಡೂ ಮುಂಚಕ್ರಗಳನ್ನು ಗಟ್ಟಿಯಾದ ರ‍್ಯಾಂಪುಗಳ ಮೇಲೆ ಹತ್ತಿಸಿ, ಹಿಂಚಕ್ರಗಳಿಗೆ ಅಡ್ಡಗಟ್ಟೆ ಕೊಟ್ಟು ಕೆಲಸ ಮಾಡುವುದು ಇದಕ್ಕಿಂತ ಸುಲಭ. ಬರೀ ಜಾಕಿನ ಮೇಲೆ ನಿಂತ ಗಾಡಿಯ ಕೆಳಗೆ ಯಾರೂ ನುಸುಳಬಾರದು.

ಎಲ್ಲ ಬಿಗಿ ಮಾಡುವ ಮೊದಲು ಸರಳು ನಡುಮಧ್ಯದಲ್ಲಿದೆಯೇ ಎಂದು ಎರಡೂ ಕಡೆ ಫ್ರೇಮಿನಿಂದ ಅಳೆದೆ; ಅರ್ಧ ಇಂಚು ಎಡಕ್ಕೆ ಸರಿದಿತ್ತು, ಸರಿಪಡಿಸಿದೆ. ಆಮೇಲೆ ಸ್ಟಿಯರಿಂಗನ್ನು ಎರಡೂ ಕೊನೆಗಳವರೆಗೆ ತಿರುಗಿಸಿ, ಸರಳು ಟೈರಿಗಾಗಲೀ ಚಕ್ರಗಳನ್ನು ತಿರುಗಿಸುವ ಟೈ ರಾಡಿಗಾಗಲೀ ತಾಗದಿರುವುದನ್ನು ಟಾರ್ಚ್ ಹಿಡಿದು ನೋಡಿದೆ.

ಮರುದಿನ ಬೆಳಿಗ್ಗೆ ಅದೇ ಕಣಿವೆಯ ರಸ್ತೆಗೆ ಹೋದೆವು. ವ್ಯತ್ಯಾಸ ಮೊದಲ ತಿರುವಿನಲ್ಲೇ ತಿಳಿಯಿತು. ಸ್ಟಿಯರಿಂಗ್ ತಿರುಗಿಸಿದರೆ ಟ್ರಕ್ಕಿನ ಮೂತಿ ಕಾಯದೆ ತಿರುಗುತ್ತದೆ, ಎಡದಿಂದ ಬಲಕ್ಕೆ ಬೆನ್ನು ಬೆನ್ನಿಗೆ ಬರುವ ತಿರುವುಗಳಲ್ಲಿ ಮೊದಲಿದ್ದ ಓಲಾಟವಿಲ್ಲ. ಮೂರನೆಯ ತಿರುವು ದಾಟಿದ ಮೇಲೆ ನೋಡಿದರೆ ನನ್ನ ಹೆಂಡತಿಯ ಕೈ ಮಡಿಲಲ್ಲಿತ್ತು. ನನಗೆ ಆದ ಸಂತೋಷ ದೊಡ್ಡದು, ಏಕೆಂದರೆ ಈ ಟ್ರಕ್ಕು ಹುಟ್ಟಿದ್ದು ನಾವಿರುವ ಊರಿನಲ್ಲೇ. ಅದರ ಗುರುತಿನ ಸಂಖ್ಯೆಯಲ್ಲಿರುವ ಝಡ್ ಅಕ್ಷರ ಫ್ರೀಮಾಂಟ್‌ನ ಜನರಲ್ ಮೋಟರ್ಸ್ ಕಾರ್ಖಾನೆಯನ್ನು ಸೂಚಿಸುತ್ತದೆ. 1982ರಲ್ಲಿ ಮುಚ್ಚಿದ ಆ ಕಾರ್ಖಾನೆಯ ಜಾಗದಲ್ಲಿ ಈಗ ಟೆಸ್ಲಾ ಕಾರುಗಳು ತಯಾರಾಗುತ್ತವೆ.

ಒಂದು ಬದಲಾವಣೆ ಎಲ್ಲರಿಗೂ ಹಿಡಿಸಲಾರದು. ಒಂದೇ ಚಕ್ರ ಗುಂಡಿಗೆ ಇಳಿದಾಗ ಅದರ ಕುಲುಕು ಈಗ ಇನ್ನೊಂದು ಬದಿಗೂ ತಲುಪುತ್ತದೆ. ಹಾಗೆಯೇ ಮುಂಭಾಗ ಬಿಗಿಯಾದಷ್ಟೂ ಗಾಡಿ ತಿರುವಿನಲ್ಲಿ ಹೊರಗಡೆಗೆ ಸಾಗುವ ಸ್ವಭಾವ ಸ್ವಲ್ಪ ಹೆಚ್ಚುತ್ತದೆ. ಖಾಲಿ ಇರುವಾಗ ಹಿಂಭಾಗ ಹಗುರವಾಗಿರುವ ಪಿಕಪ್ಪಿನಲ್ಲಿ ಹಿಂಚಕ್ರ ಜಾರುವುದಕ್ಕಿಂತ ಇದು ಸುರಕ್ಷಿತವೆಂದು ನನ್ನ ಅಭಿಪ್ರಾಯ. ಚಕ್ರವನ್ನು ಕಂಟ್ರೋಲ್ ಆರ್ಮ್‌ಗೆ ಸೇರಿಸುವ ಬಾಲ್ ಜಾಯಿಂಟುಗಳು ಸವೆದ ಗಾಡಿಗೆ ಈ ಕಿಟ್ ಹಾಕಿ ಪ್ರಯೋಜನವಿಲ್ಲ, ಹಣ ಮೊದಲು ಅಲ್ಲಿಗೆ ಹೋಗಬೇಕು. ಕಿಟ್‌ನ ಪಾಲಿಯುರೆಥೇನ್ ಬುಷ್‌ಗಳಿಗೆ ಕೊಟ್ಟಿರುವ ಸಿಲಿಕೋನ್ ಗ್ರೀಸ್ ಪೊಟ್ಟಣ ಎರಡಕ್ಕೆ ಸಾಲುವುದಿಲ್ಲ. ಮೂರನೆಯ ವಾರಕ್ಕೇ ಎಡ ಬುಷ್ ಕಿರುಗುಟ್ಟತೊಡಗಿದಾಗ ಬೇರೆ ಟ್ಯೂಬ್ ತಂದು, ಬಿಚ್ಚಿ, ಧಾರಾಳವಾಗಿ ಹಚ್ಚಿದ ಮೇಲೆ ಸದ್ದು ನಿಂತಿತು. ಐನೂರು ಮೈಲಿ ಓಡಿದ ಮೇಲೆ ಎಲ್ಲ ನಟ್ಟುಗಳಿಗೂ ಮತ್ತೊಮ್ಮೆ ಸ್ಪ್ಯಾನರ್ ಹಾಕಿ ನೋಡಿದೆ. ಎಡ ಲಿಂಕಿನ ನಟ್ಟು ಕಾಲು ಸುತ್ತು ತಿರುಗಿತು, ಉಳಿದವು ಕದಲಲಿಲ್ಲ.