ಕುಂಬಳೆ ಟೀಚರ ಚಾವಡಿಯ ಐಇಎಲ್‌ಟಿಎಸ್ ತರಗತಿ

ಕಾಸರಗೋಡಿನ ನೀರ್ಚಾಲಿನಲ್ಲಿ ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಕಲಿತು, ಈಗ ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಎಂಎಸ್ಸಿ ಓದುತ್ತಿದ್ದೇನೆ. ಐರ್ಲೆಂಡಿಗೆ ಅರ್ಜಿ ಹಾಕಲು ನನಗೆ ಇಂಗ್ಲಿಷ್ ಪರೀಕ್ಷೆಯಾದ ಐಇಎಲ್‌ಟಿಎಸ್‌ನಲ್ಲಿ 9ಕ್ಕೆ 6.5 ಬೇಕಿತ್ತು. ಮೊದಲು ಸೇರಿದ್ದು ಪೇಟೆಯ ಒಂದು ಕೋಚಿಂಗ್ ಸೆಂಟರಿಗೆ. ಅಲ್ಲಿ ವಿವರಣೆಯೆಲ್ಲ ಮಲಯಾಳದಲ್ಲಿ. ಮಲಯಾಳ ನನಗೆ ತಿಳಿಯುತ್ತದೆ, ಆದರೆ ನನ್ನ ಇಂಗ್ಲಿಷಿನ ತಪ್ಪುಗಳು ಹುಟ್ಟುವುದು ಕನ್ನಡದಿಂದ. ಬರೆದುಕೊಟ್ಟ ಪ್ರಬಂಧ ಒಂದೂ ತಿದ್ದಿ ಬರಲಿಲ್ಲ. ರೈಟಿಂಗಿನಲ್ಲಿ 5.5 ಬಂತು.

ಆಮೇಲೆ ಹೋದದ್ದು ಕುಂಬಳೆಯ ನಿವೃತ್ತ ಟೀಚರೊಬ್ಬರ ಮನೆಗೆ. ಚಾವಡಿಯಲ್ಲಿ ಪಾಠ, ಶನಿವಾರ ಮತ್ತು ಭಾನುವಾರ. ಆರೇ ಜನ, ಎರಡು ತಿಂಗಳಿಗೆ 6,000 ರೂಪಾಯಿ.

"ನಮ್ಮ ಮಾತುಗಳೆಲ್ಲ ಸ್ವರದಲ್ಲಿ ಮುಗಿಯುತ್ತವೆ ಮಗಾ, ಅದಕ್ಕೇ ನಿನ್ನ ಬಾಯಲ್ಲಿ ಬಸ್ ಹೋಗಿ ಬಸ್ಸು ಆಗುವುದು" ಎಂದು ಮೊದಲ ದಿನವೇ ಹಿಡಿದರು. ಎ, ದಿ ಎಂಬವು ಕನ್ನಡದಲ್ಲಿ ಇಲ್ಲವಲ್ಲ, ನಾನು ಬಿಟ್ಟೇಬಿಡುತ್ತಿದ್ದೆ. ಬಿಟ್ಟಲ್ಲೆಲ್ಲ ಹಸಿರು ಶಾಯಿಯ ಸಣ್ಣ ಸೊನ್ನೆ ಹಾಕಿ ಕೊಡುವರು, ತುಂಬಬೇಕಾದವಳು ನಾನು. ಮೊದಲ ಪ್ರಬಂಧದಲ್ಲಿ 23 ಸೊನ್ನೆ, ಕೊನೆಯದರಲ್ಲಿ 4. ರೈಟಿಂಗಿಗೆ ಒಟ್ಟು ಒಂದು ಗಂಟೆ. ಎರಡನೇ ಪ್ರಶ್ನೆಗೆ ಇಮ್ಮಡಿ ತೂಕ. ಅದಕ್ಕೆ 40 ನಿಮಿಷ ಉಳಿಯುವ ಹಾಗೆ ಗಡಿಯಾರ ಎದುರಿಟ್ಟೇ ಬರೆಸಿದರು.

ಸ್ಪೀಕಿಂಗಿನಲ್ಲಿ ಕಾರ್ಡು ಕೊಟ್ಟ ಮೇಲೆ ಒಂದು ನಿಮಿಷ ಯೋಚಿಸಿ, ಎರಡು ನಿಮಿಷದವರೆಗೆ ಮಾತಾಡಬೇಕು. ನೀರಿನ ಪಕ್ಕದ ಒಂದು ಜಾಗದ ಬಗ್ಗೆ ಹೇಳು ಎಂದಾಗ ಅನಂತಪುರದ ಸರೋವರ ದೇವಸ್ಥಾನವನ್ನು ಹಿಡಿದೆ. 40 ಸೆಕೆಂಡಿಗೆ ಮಾತು ಮುಗಿಯಿತು. "ಬಬಿಯಾ ಸತ್ತಾಗ ನೀನು ಹೋಗಿದ್ದೆಯಲ್ಲ, ಅದನ್ನು ಹೇಳು" ಎಂದರು. 2022ರಲ್ಲಿ ಆ ಮೊಸಳೆಯನ್ನು ಕೊನೆಯದಾಗಿ ಕಾಣಲು ಅಜ್ಜಿಯ ಜೊತೆ ಜನರ ನಡುವೆ ನಿಂತದ್ದು ನೆನಪಾಯಿತು. ಈ ಸಲ ನನ್ನ ಮಾತನ್ನು ಟೀಚರೇ ಕೈ ಎತ್ತಿ ನಿಲ್ಲಿಸಬೇಕಾಯಿತು.

ಕೊರತೆ ಲಿಸನಿಂಗಿನದ್ದು. ಪರೀಕ್ಷೆಯಲ್ಲಿ ಒಂದೇ ಸಲ ಕೇಳಿಸುತ್ತಾರೆ, ಇಲ್ಲಿ ಮೊಬೈಲಿನ ಸ್ಪೀಕರಿನಲ್ಲಿ ಹಾಕುವುದು. ಮಳೆ ಹಿಡಿದರೆ ಶೀಟಿನ ಸದ್ದಿಗೆ ಏನೂ ಕೇಳದು. ಆ ಅಭ್ಯಾಸ ನಾನು ಮನೆಯಲ್ಲಿ ಹೆಡ್‌ಫೋನ್ ಹಾಕಿಯೇ ಮಾಡಿದೆ. ಕಂಪ್ಯೂಟರೂ ಇಲ್ಲ, ಕಂಪ್ಯೂಟರಿನಲ್ಲಿ ಪರೀಕ್ಷೆ ಬರೆಯುವವರು ಟೈಪಿಂಗನ್ನು ಬೇರೆಯೇ ಕಲಿಯಬೇಕು.

ಎರಡನೇ ಸಲ ರೈಟಿಂಗಿನಲ್ಲಿ 6.5, ಒಟ್ಟು 7. ಫಲಿತಾಂಶಕ್ಕೆ ಎರಡೇ ವರ್ಷದ ಬೆಲೆ, ಅರ್ಜಿ ಹಾಕುವ ವರ್ಷ ನೋಡಿಕೊಂಡು ಸೇರಿ. ಬದಿಯಡ್ಕ ಕಡೆಯವರಿಗೆ ಸೀತಾಂಗೋಳಿ ದಾರಿಯ ಬಸ್ಸು ಸಾಕು. ಇಳಿದು ಹತ್ತು ನಿಮಿಷ ನಡಿಗೆ.