ಯಕ್ಷಗಾನ ಅಭಿಮಾನಿ ಐಕಾನ್‌ಗೆ ಬಣ್ಣ: ಗಿಂಪ್ ಅಥವಾ ಫೋಟೊಪಿಯಾ?

ಸಾಗರ, ತೀರ್ಥಹಳ್ಳಿ ಕಡೆಯ ಮೇಳದ ಫೋಟೊ ಹಿಡಿದು 100×100 ಪಿಕ್ಸೆಲ್‌ನ ಐಕಾನ್ (ಖಾತೆಯ ಹೆಸರಿನ ಪಕ್ಕ ಹಾಕುವ ಪುಟ್ಟ ಚಿತ್ರ) ಮಾಡುವವರಿಗೆ ಫೋಟೊ ತಿದ್ದುವ ಈ ಎರಡೂ ತಂತ್ರಾಂಶ ಪುಕ್ಕಟೆ. ಯಾವುದರಲ್ಲೇ ಆಗಲಿ, ಮೊದಲು ಚೌಕವಾಗಿ ಕತ್ತರಿಸಿ, ಚಿಕ್ಕದು ಮಾಡಿ, ಆಮೇಲೆ ಬಣ್ಣಕ್ಕೆ ಕೈಹಾಕಿ. ದೊಡ್ಡ ಚಿತ್ರದಲ್ಲಿ ಚೆಂದ ಕಂಡದ್ದು 100 ಪಿಕ್ಸೆಲ್‌ನಲ್ಲಿ ಮಸಿಯಾಗುತ್ತದೆ.

ಬಣ್ಣದ ವಿಷಯಕ್ಕೆ ಫೋಟೊಪಿಯಾವೇ ಮೇಲು, ಕಾರಣ ಸೆಲೆಕ್ಟಿವ್ ಕಲರ್ ಲೇಯರ್, ಅಂದರೆ ಒಂದೊಂದು ಬಣ್ಣವನ್ನೂ ಬೇರೆಯಾಗಿ ಆರಿಸಿ ತಿದ್ದುವ ಪದರ. ಹಿಂದಿನ ಅಡಿಕೆ ತೋಟ ತಗ್ಗಿಸಲು ಎಲ್ಲರೂ ಅದರಲ್ಲಿ ಗ್ರೀನ್ಸ್ (ಹಸಿರು) ಆರಿಸಿ ಎಳೆದಾಡುತ್ತಾರೆ, ಏನೂ ಆಗುವುದಿಲ್ಲ. ಎಲೆಯ ಹಸಿರಿನ ಬಹುಪಾಲು ಇರುವುದು ಯೆಲ್ಲೋಸ್‌ನಲ್ಲಿ (ಹಳದಿ). ಅಲ್ಲಿ ಬ್ಲ್ಯಾಕ್ +30 ಕೊಟ್ಟು ನೋಡಿ, ತೋಟ ಕತ್ತಲಾಗುತ್ತದೆ. ಜೊತೆಗೆ ಮುಖದ ಹಳದಿ ಬಣ್ಣಗಾರಿಕೆಯೂ ಕಂದುತ್ತದೆ. ಲೇಯರ್‌ನ ಮಾಸ್ಕ್ (ತಿದ್ದುಪಡಿ ಎಲ್ಲಿ ಕಾಣಬೇಕು, ಎಲ್ಲಿ ಬೇಡ ಎಂದು ಗುರುತಿಸುವ ಪರದೆ) ಮೇಲೆ ಮುಖದಷ್ಟು ಜಾಗಕ್ಕೆ ಕಪ್ಪು ಬಳಿದರೆ ಅದು ಮರಳುತ್ತದೆ. ಗಿಂಪ್‌ನಲ್ಲಿ ಈ ಸಲಕರಣೆ ಇಲ್ಲ. ಬಣ್ಣದ ಛಾಯೆ, ಗಾಢತೆ ಬದಲಿಸುವ ಹ್ಯೂ-ಸ್ಯಾಚುರೇಷನ್‌ನಲ್ಲೇ ಸುಧಾರಿಸಬೇಕು. ಅದರಲ್ಲಿ ಅಕ್ಕಪಕ್ಕದ ಬಣ್ಣಗಳನ್ನು ಬೆರೆಸುವ ಓವರ್‌ಲ್ಯಾಪ್ ಸೊನ್ನೆಯಲ್ಲೇ ಬಿಟ್ಟರೆ ಬಣ್ಣಗಳ ನಡುವೆ ಗೆರೆ ಕೊಯ್ದಂತೆ ಕಾಣುತ್ತದೆ, ಸ್ವಲ್ಪ ಏರಿಸಿ. ಗಿಂಪ್ 2.10 ಆವೃತ್ತಿಯಲ್ಲಿ ಈ ತಿದ್ದುಪಡಿ ಲೇಯರ್‌ಗೇ ಅಂಟಿಬಿಡುತ್ತದೆ, 3.0ರಿಂದ ಆಮೇಲೂ ತೆರೆದು ಬದಲಿಸಬಹುದು.

ಮಳೆಗಾಲದಲ್ಲಿ ನೆಟ್ ಕೈಕೊಡುವ ಊರಿನವರಿಗೆ ಮಾತ್ರ ಗಿಂಪ್. ಒಮ್ಮೆ ಹಾಕಿಕೊಂಡರೆ ನೆಟ್ ಬೇಡ. ಫೋಟೊಪಿಯಾ ಬ್ರೌಸರ್‌ನಲ್ಲಿ ತೆರೆಯಬೇಕು, ಉಳಿಸದೆ ಟ್ಯಾಬ್ ಮುಚ್ಚಿದರೆ ಕೆಲಸ ಹೋಯಿತು.

ಕಡೆಗೆ ಪಿಎನ್‌ಜಿಯಾಗಿಯೇ ಉಳಿಸಿ. ಜೆಪೆಗ್ ಸಾಮಾನ್ಯವಾಗಿ ಬಣ್ಣದ ವಿವರವನ್ನು ಅರ್ಧಕ್ಕಿಳಿಸುತ್ತದೆ, ವೇಷದ ಕೆಂಪು ಅಂಚು ದಾಟಿ ಹರಡುತ್ತದೆ. ಜೆಪೆಗ್ಗೇ ಬೇಕಾದರೆ ಗಿಂಪ್‌ನ ಎಕ್ಸ್‌ಪೋರ್ಟ್‌ನಲ್ಲಿ ಸಬ್‌ಸ್ಯಾಂಪ್ಲಿಂಗ್ 4:4:4 (ಬಣ್ಣದ ವಿವರ ಇಳಿಸದ ಆಯ್ಕೆ) ಆರಿಸಿ.